ಟ್ಯೂಬ್ ನುಂಗಲೇಬೇಕಾ ಡಾಕ್ಟ್ರೇ?

ಈ ಸಲ ಬಂದ ಪತ್ರಗಳಲ್ಲಿ ಒಂದೇ ವಿಷಯದ್ದು ಏಳೆಂಟು ಇದ್ದವು. ಲಿವರ್ ಸಿರೋಸಿಸ್ ಇದ್ದವರು ಬಾಯಿಂದ ಟ್ಯೂಬ್ ಹಾಕಿಸಿಕೊಂಡು ಎಂಡೋಸ್ಕೋಪಿ ಮಾಡಿಸಲೇಬೇಕಾ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಹೊರಗಿಂದಲೇ ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿದರೆ ಸಾಲದಾ ಅಂತ. ಹಾಗಾಗಿ ಮೊಣಕಾಲು ನೋವು, ಥೈರಾಯ್ಡ್ ಎಲ್ಲ ಮುಂದಿನ ತಿಂಗಳಿಗೆ. ಇವತ್ತು ಬರೀ ಲಿವರ್. ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 54 ವರ್ಷ. ಉಡುಪಿ ಕಡೆಯವನು, ಮೂವತ್ತು ವರ್ಷದಿಂದ ಇಲ್ಲಿ ಹೋಟೆಲು ನಡೆಸುತ್ತಿದ್ದೇನೆ. ಕುಡಿಯುವ ಅಭ್ಯಾಸ ಇಲ್ಲ. ಸಕ್ಕರೆ ಕಾಯಿಲೆ ಇದೆ, ತೂಕವೂ ಸ್ವಲ್ಪ ಜಾಸ್ತಿ. ಫ್ಯಾಟಿ ಲಿವರ್ ಅಂತಿದ್ದದ್ದು ಈಗ ಸಿರೋಸಿಸ್ ಶುರುವಾಗಿದೆ ಅಂದಿದ್ದಾರೆ. ಫೈಬ್ರೋಸ್ಕ್ಯಾನ್‌ನಲ್ಲಿ 16.8 ಬಂತು, ಪ್ಲೇಟ್‌ಲೆಟ್ 1,72,000. ಒಬ್ಬ ಡಾಕ್ಟರು ಎಂಡೋಸ್ಕೋಪಿ ಈಗ ಬೇಡ ಅಂದರು. ಇನ್ನೊಬ್ಬರು, ಸಿರೋಸಿಸ್ ಅಂದಮೇಲೆ ಮಾಡಿಸಲೇಬೇಕು, ನಾಳೆ ರಕ್ತ ವಾಂತಿ ಆದರೆ ಏನು ಮಾಡ್ತೀರಿ ಅಂತ ಹೆದರಿಸಿದರು. ಯಾರ ಮಾತು ಕೇಳಲಿ? (ಡೊಂಬಿವಲಿ)

ಉತ್ತರ: ಮೊದಲನೆಯವರ ಮಾತು ಕೇಳಿ. ಆದರೆ ಅವರು ಹೇಳಿದ್ದರಲ್ಲಿ "ಈಗ" ಅನ್ನುವ ಪದ ಇದೆ ನೋಡಿ, ಅದನ್ನು ಮರೆಯಬೇಡಿ.

ಮೊದಲು ಹೆದರಿಕೆ ಯಾಕೆ ಅಂತ ನೋಡೋಣ. ಕರುಳು ಮತ್ತು ಗುಲ್ಮದ (ಸ್ಪ್ಲೀನ್) ರಕ್ತವೆಲ್ಲ ಪೋರ್ಟಲ್ ವೇನ್ ಅನ್ನುವ ದೊಡ್ಡ ರಕ್ತನಾಳದಲ್ಲಿ ಲಿವರ್ ಒಳಗೆ ಹೋಗಿ, ಅಲ್ಲಿಂದ ಹೃದಯಕ್ಕೆ ಹೋಗಬೇಕು. ಸಿರೋಸಿಸ್‌ನಲ್ಲಿ ಲಿವರ್ ತುಂಬ ಗಾಯ ಮಾಗಿದ ಕಲೆಗಳು. ರಕ್ತ ಸಲೀಸಾಗಿ ದಾಟಲ್ಲ, ಹಿಂದೆ ಒತ್ತಡ ಏರುತ್ತದೆ. ಜೋರು ಮಳೆಗೆ ಮುಂಬೈಯ ಹಿಂದ್‌ಮಾತಾದಲ್ಲಿ ನೀರು ನಿಂತರೆ ಗಾಡಿಗಳೆಲ್ಲ ಪಕ್ಕದ ಗಲ್ಲಿಗೆ ನುಗ್ಗುತ್ತವಲ್ಲ, ಹಾಗೆ ಈ ರಕ್ತವೂ ಸಣ್ಣಪುಟ್ಟ ದಾರಿ ಹುಡುಕುತ್ತದೆ. ಅನ್ನನಾಳದ ಕೆಳತುದಿಯ ತೆಳ್ಳನೆಯ ರಕ್ತನಾಳಗಳು ಅಂಥ ಒಂದು ಗಲ್ಲಿ. ಕೈಗಾಡಿ ಹೋಗುವ ಜಾಗದಲ್ಲಿ ಬೆಸ್ಟ್ ಸಿಟಿ ಬಸ್ಸು ಬಂದ ಹಾಗೆ ಆಗಿ ಅವು ಉಬ್ಬುತ್ತವೆ. ಇದನ್ನೇ ವೇರಿಸಿಸ್ ಅನ್ನುವುದು. ಉಬ್ಬಿದ್ದು ಒಡೆದರೆ ರಕ್ತ ವಾಂತಿ. ಇವತ್ತಿನ ಒಳ್ಳೆ ಚಿಕಿತ್ಸೆ ಸಿಕ್ಕರೂ, ಹಾಗೆ ರಕ್ತ ಹೋದವರಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಜನ ಆರು ವಾರದೊಳಗೆ ತೀರಿಕೊಳ್ಳುತ್ತಾರೆ. ಹಾಗಾಗಿ ಎರಡನೆಯ ಡಾಕ್ಟರು ಸುಮ್ನೆ ಹೆದರಿಸಿದ್ದಲ್ಲ.

ಆದರೆ ಸಿರೋಸಿಸ್ ಇದ್ದವರಿಗೆಲ್ಲ ವೇರಿಸಿಸ್ ಇರುವುದಿಲ್ಲ. ಹೊಟ್ಟೆಯಲ್ಲಿ ನೀರು, ಕಾಮಾಲೆ, ಮಂಕು ಬಡಿಯುವುದು ಇದ್ಯಾವುದೂ ಇನ್ನೂ ಬಾರದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರಿಗೆ ಇರಲ್ಲ. ನಾವು ಕಲಿಯುವ ಕಾಲದಲ್ಲಿ ಸಿರೋಸಿಸ್ ಅಂತ ಚೀಟಿಯಲ್ಲಿ ಬರೆದರೆ ಸಾಕು, ಸೀದಾ ಎಂಡೋಸ್ಕೋಪಿ ಬೆಂಚಿಗೆ. ಟ್ಯೂಬ್ ಹಾಕಿ ನೋಡಿ, ಏನಿಲ್ಲ, ಮತ್ತೆ ಬನ್ನಿ ಅಂತ ಕಳಿಸಿದ್ದೇ ಜಾಸ್ತಿ. ನನಗೆ ಆಗಲೇ ಅನಿಸುತ್ತಿತ್ತು, ಇವರನ್ನು ಮೊದಲೇ ಜರಡಿ ಹಿಡಿಯಲು ಏನಾದರೂ ಇರಬೇಕಿತ್ತು ಅಂತ.

ಆ ಜರಡಿ ಬಂದದ್ದು 2015ರಲ್ಲಿ. ಈ ಒತ್ತಡದ ಕಾಯಿಲೆಯ ತಜ್ಞರು ಇಟಲಿಯ ಬವೇನೋ ಊರಿನ ಹೆಸರಲ್ಲಿ ಆಗಾಗ ಸೇರಿ ನಿಯಮ ಮಾಡುತ್ತಾರೆ. ಆರನೆಯ ಸಲ ಸೇರಿದಾಗ ಹೇಳಿದ್ದು ಇಷ್ಟೇ. ಫೈಬ್ರೋಸ್ಕ್ಯಾನ್ 20ಕ್ಕಿಂತ ಕಡಿಮೆ ಇರಬೇಕು, ಪ್ಲೇಟ್‌ಲೆಟ್ 1,50,000ಕ್ಕಿಂತ ಜಾಸ್ತಿ ಇರಬೇಕು. ಎರಡೂ ಇದ್ದರೆ ಎಂಡೋಸ್ಕೋಪಿ ಬಿಡಬಹುದು. ಅಂಥವರಲ್ಲಿ ಚಿಕಿತ್ಸೆ ಬೇಕಾಗುವಷ್ಟು ದೊಡ್ಡ ವೇರಿಸಿಸ್ ಇರುವ ಸಾಧ್ಯತೆ ನೂರಕ್ಕೆ ಐದಕ್ಕಿಂತ ಕಡಿಮೆ. ಒಂದು ಸಂಖ್ಯೆ ಚೆನ್ನಾಗಿದ್ದು ಇನ್ನೊಂದು ಕೆಟ್ಟಿದ್ದರೆ ಈ ರಿಯಾಯಿತಿ ಇಲ್ಲ. ನಿಮ್ಮದು ಎರಡೂ ಪಾಸಾಗಿದೆ.

ಪ್ಲೇಟ್‌ಲೆಟ್‌ಗೂ ಇದಕ್ಕೂ ಏನು ಸಂಬಂಧ ಅಂದರೆ, ಒತ್ತಡ ಏರಿದಾಗ ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್‌ಗಳನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ರಕ್ತ ಪರೀಕ್ಷೆಯಲ್ಲಿ ಸಂಖ್ಯೆ ಇಳಿಯುತ್ತದೆ. ಮಾಮೂಲಿ ಸಿಬಿಸಿ ರಿಪೋರ್ಟಿನ ಒಂದು ಸಾಲು ಒಳಗಿನ ಒತ್ತಡದ ಸುಳಿವು ಕೊಡುತ್ತದೆ ಅಂದಹಾಗಾಯಿತು.

ಇನ್ನು ಫೈಬ್ರೋಸ್ಕ್ಯಾನ್. ಹಲಸಿನ ಹಣ್ಣನ್ನು ತಟ್ಟಿ ನೋಡಿ ಹಣ್ಣೋ ಕಾಯೋ ಹೇಳುತ್ತಾರಲ್ಲ, ಹೆಚ್ಚುಕಮ್ಮಿ ಅದೇ ಉಪಾಯ. ಪಕ್ಕೆಲುಬಿನ ಮಧ್ಯೆ ಪ್ರೋಬ್ ಇಟ್ಟು ಮೆಲ್ಲಗೆ ತಟ್ಟುತ್ತದೆ. ಆ ತರಂಗ ಗಟ್ಟಿ ಲಿವರ್‌ನಲ್ಲಿ ಬೇಗ ಓಡುತ್ತದೆ, ಮೆತ್ತಗಿನದರಲ್ಲಿ ನಿಧಾನ. ವೇಗದ ಮೇಲೆ ಗಡಸುತನವನ್ನು ಕಿಲೋಪ್ಯಾಸ್ಕಲ್ ಲೆಕ್ಕದಲ್ಲಿ ಹೇಳುತ್ತದೆ. ನಿಮ್ಮ 16.8 ಅದೇ.

ಈಗ ನಾನೊಂದು ಕೇಳುತ್ತೇನೆ. ನೀವು ಕಳಿಸಿದ ಫೋಟೋದಲ್ಲಿ ಪರೀಕ್ಷೆಯ ಸಮಯ ಬೆಳಿಗ್ಗೆ 11.40 ಅಂತ ಇದೆ. ಹೋಟೆಲಿನವರು ನೀವು, ಅವತ್ತು ಬೆಳಿಗ್ಗೆ ಎಷ್ಟು ಗಂಟೆಗೆ ತಿಂಡಿ ತಿಂದಿರಿ? ಪರೀಕ್ಷೆಗೆ ಮೊದಲು ಮೂರು ಗಂಟೆಯಾದರೂ ಹೊಟ್ಟೆ ಖಾಲಿ ಇರಬೇಕು. ಊಟವಾದ ಮೇಲೆ ಲಿವರ್‌ಗೆ ರಕ್ತ ಜಾಸ್ತಿ ಬಂದು ಸಂಖ್ಯೆ ಸುಳ್ಳಾಗಿ ಏರುತ್ತದೆ. ಹೃದಯದ ತೊಂದರೆಯಿಂದ ಲಿವರ್‌ನಲ್ಲಿ ರಕ್ತ ನಿಂತಿದ್ದರೂ, ಕಾಮಾಲೆ ಜೋರಾಗಿದ್ದರೂ ಹಾಗೇ. ರಿಪೋರ್ಟಿನಲ್ಲಿ ಕನಿಷ್ಠ ಹತ್ತು ಸಲ ಅಳೆದದ್ದು ಇರಬೇಕು, ಐಕ್ಯೂಆರ್ (ರೀಡಿಂಗುಗಳು ಒಂದಕ್ಕೊಂದು ಎಷ್ಟು ಬೇರೆ ಅನ್ನುವುದು) ಅಂತ ಬರೆದಲ್ಲಿ 30 ಪರ್ಸೆಂಟಿಗಿಂತ ಜಾಸ್ತಿ ಇರಬಾರದು. ನಿಮ್ಮದರಲ್ಲಿ 18 ಇದೆ, ಚೆನ್ನಾಗಿದೆ. ತೂಕ ಜಾಸ್ತಿ ಇದ್ದವರಿಗೆ ಎಕ್ಸ್‌ಎಲ್ ಅನ್ನುವ ದೊಡ್ಡ ಪ್ರೋಬ್ ಬೇಕಾಗಬಹುದು, ಮುಂದಿನ ಸಲ ಕೇಳಿ ನೋಡಿ.

ಮುಂದಿನ ಸಲ ಅಂದೆ ಅಲ್ವಾ. ಅದೇ ಮುಖ್ಯ. ಈ ರಿಯಾಯಿತಿ ಒಂದು ವರ್ಷಕ್ಕೆ ಮಾತ್ರ. ಪ್ರತಿ ವರ್ಷ ಎರಡೂ ಪರೀಕ್ಷೆ ಮತ್ತೆ ಮಾಡಿಸಬೇಕು. ಸ್ಕ್ಯಾನ್ 20 ಮುಟ್ಟಿದರೆ ಅಥವಾ ಪ್ಲೇಟ್‌ಲೆಟ್ ಒಂದೂವರೆ ಲಕ್ಷಕ್ಕೆ ಇಳಿದರೆ ಆಗ ಎಂಡೋಸ್ಕೋಪಿ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಜನ ಆ ಒಂದು ರಿಪೋರ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ನಾಲ್ಕು ವರ್ಷ ಜೋಪಾನ ಮಾಡಿರುತ್ತಾರೆ, ಏನು ಪ್ರಯೋಜನ? ಇನ್ನೊಂದು ಮಾತು. ಸ್ಕ್ಯಾನ್ 15 ಅಥವಾ ಕಡಿಮೆ, ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಅಥವಾ ಜಾಸ್ತಿ ಇದ್ದರೆ ಒತ್ತಡವೇ ಏರಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ನಿಮ್ಮ 16.8 ಅದಕ್ಕೆ ಸ್ವಲ್ಪ ಮೇಲೆ. ಟ್ಯೂಬಿನಿಂದ ಪಾರಾಗಿದ್ದೀರಿ, ಕಾಯಿಲೆಯಿಂದಲ್ಲ. ತೂಕ ಇಳಿಸಿ, ಸಕ್ಕರೆ ಹಿಡಿತದಲ್ಲಿಡಿ.

ಇಷ್ಟಾದ ಮೇಲೂ ರಾತ್ರಿ ನಿದ್ದೆ ಬರಲ್ಲ ಅಂತಿದ್ದರೆ ಒಮ್ಮೆ ಎಂಡೋಸ್ಕೋಪಿ ಮಾಡಿಸಿಬಿಡಿ. ತಪ್ಪೇನಿಲ್ಲ.

ಪ್ರಶ್ನೆ: ನಮ್ಮ ಅತ್ತೆಗೆ 61 ವರ್ಷ, ವಿಜಯಪುರದವರು, ಈಗ ನಮ್ಮ ಜೊತೆ ಇದ್ದಾರೆ. ಹೆಪಟೈಟಿಸ್ ಬಿ ಇಂದ ಸಿರೋಸಿಸ್. ಫೈಬ್ರೋಸ್ಕ್ಯಾನ್ 31, ಪ್ಲೇಟ್‌ಲೆಟ್ 84,000. ಎಂಡೋಸ್ಕೋಪಿ ಮಾಡದೇನೇ ಕಾರ್ವೆಡಿಲಾಲ್ ಮಾತ್ರೆ ಶುರು ಮಾಡಿದ್ದಾರೆ. ಮೆಡಿಕಲ್ ಶಾಪಿನವನು ಇದು ಬಿಪಿ ಮಾತ್ರೆ ಅಂದ. ಅತ್ತೆಗೆ ಬಿಪಿ ಇಲ್ಲವೇ ಇಲ್ಲ. ಅವತ್ತಿಂದ ಮಾತ್ರೆ ಬಿಟ್ಟು ಕೂತಿದ್ದಾರೆ. (ಪಿಂಪ್ರಿ, ಪುಣೆ)

ಉತ್ತರ: ಶಾಪಿನವನು ಹೇಳಿದ್ದು ಸುಳ್ಳಲ್ಲ, ಅರ್ಧ ಸತ್ಯ. ಬಿಪಿಗೂ ಕೊಡುತ್ತಾರೆ. ಆದರೆ ಅತ್ತೆಗೆ ಕೊಟ್ಟದ್ದು ಲಿವರ್ ಹಿಂದಿನ ಒತ್ತಡ ಇಳಿಸಲಿಕ್ಕೆ. ಅದಕ್ಕೆ ಕೈಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಏರಿರಬೇಕು ಅಂತೇನಿಲ್ಲ.

ವೈರಸ್‌ನಿಂದ ಆದ ಸಿರೋಸಿಸ್‌ನಲ್ಲಿ ಸ್ಕ್ಯಾನ್ 25 ಅಥವಾ ಜಾಸ್ತಿ ಬಂದರೆ ಒಳಗಿನ ಒತ್ತಡ ಅಪಾಯದ ಗೆರೆ ದಾಟಿದೆ ಅಂತಲೇ ತಿಳಿಯಬಹುದು. ಆ ಒತ್ತಡದ ಲೆಕ್ಕ ಸ್ಕ್ಯಾನಿನದ್ದಲ್ಲ, ಮಿಲಿಮೀಟರ್ ಪಾದರಸದ್ದು. ಆರೋಗ್ಯವಾಗಿರುವವರಲ್ಲಿ ಅದು 5ರ ಒಳಗೆ ಇರುತ್ತದೆ. 10 ದಾಟಿದರೆ ವೇರಿಸಿಸ್ ಹುಟ್ಟಲು, ಹೊಟ್ಟೆಯಲ್ಲಿ ನೀರು ತುಂಬಲು ದಾರಿಯಾಗುತ್ತದೆ. 12 ದಾಟಿದರೆ ಒಡೆಯುವ ಭಯ. ನೇರವಾಗಿ ಅಳೆಯಬೇಕಾದರೆ ಕುತ್ತಿಗೆಯ ರಕ್ತನಾಳದಿಂದ ತಂತಿ ಇಳಿಸಬೇಕು, ಅದು ಎಲ್ಲರಿಗೂ ಮಾಡುವಂಥದ್ದಲ್ಲ. 2019ರಲ್ಲಿ ಸ್ಪೇನ್ ದೇಶದ ಒಂದು ದೊಡ್ಡ ಅಧ್ಯಯನ ಬಂತು. ಒತ್ತಡ 10 ದಾಟಿದ, ಆದರೆ ಇನ್ನೂ ತೊಂದರೆ ಕಾಣಿಸದವರಿಗೆ ಕಾರ್ವೆಡಿಲಾಲ್ ಸೇರಿದ ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ಕೊಟ್ಟರೆ ಮುಖ್ಯವಾಗಿ ಹೊಟ್ಟೆಯಲ್ಲಿ ನೀರು ತುಂಬುವುದು ಕಡಿಮೆಯಾಗುತ್ತದೆ ಅಂತ ಅದರಲ್ಲಿ ಕಂಡಿತು. ಅದಾದ ಮೇಲೆ 2021ರ ಬವೇನೋ ಸಭೆ ಇಂಥವರಿಗೆ ಮಾತ್ರೆ ಕೊಡಿ, ಅದರಲ್ಲೂ ಕಾರ್ವೆಡಿಲಾಲ್ ಕೊಡಿ ಅಂದಿತು. ಈ ಮಾತ್ರೆ ತಗೊಳ್ಳುತ್ತಿರುವವರಿಗೆ ವೇರಿಸಿಸ್ ಹುಡುಕಲು ಎಂಡೋಸ್ಕೋಪಿ ಬೇಕಿಲ್ಲ. ಕಂಡರೂ ಕೊಡುವುದು ಅದೇ ಮಾತ್ರೆ ತಾನೇ?

ಹಾಗಾಗಿ ಅತ್ತೆಯ ಡಾಕ್ಟರು ಎಂಡೋಸ್ಕೋಪಿ ಮರೆತಿಲ್ಲ, ಬೇಕಂತಲೇ ಬಿಟ್ಟಿದ್ದಾರೆ. ಇದನ್ನು ಒಂದು ನಿಮಿಷ ಕೂರಿಸಿ ಹೇಳಿದ್ದರೆ ಈ ಗೊಂದಲ ಆಗುತ್ತಿರಲಿಲ್ಲ. ನಾವು ಡಾಕ್ಟರುಗಳು ಅಲ್ಲೇ ಎಡವುವುದು.

ಸಾಮಾನ್ಯವಾಗಿ ದಿನಕ್ಕೆ 6.25 ಮಿಲಿಗ್ರಾಂನಿಂದ ಶುರು ಮಾಡಿ 12.5ಕ್ಕೆ ಏರಿಸುತ್ತಾರೆ. ಅತ್ತೆಗೆ ಆಸ್ತಮಾ ಇದ್ದರೆ ತಕ್ಷಣ ಹೇಳಿ, ಅವರಿಗೆ ಇದು ಆಗಲ್ಲ. ಎದ್ದಾಗ ತಲೆ ಸುತ್ತಿದರೆ, ಮೇಲಿನ ಬಿಪಿ 90ಕ್ಕಿಂತ ಕೆಳಗೆ ಹೋದರೆ ಫೋನ್ ಮಾಡಿ ಕೇಳಿ, ನೀವೇ ನಿಲ್ಲಿಸಬೇಡಿ. ಬಿಟ್ಟು ಎಷ್ಟು ದಿನವಾಯಿತು ಅಂತ ಬರೆದಿಲ್ಲ. ಮತ್ತೆ ಶುರು ಮಾಡುವ ಮೊದಲೂ ಡಾಕ್ಟರನ್ನು ಕೇಳಿ, ಕಡಿಮೆ ಡೋಸಿನಿಂದ ಶುರು ಮಾಡಬೇಕಾಗಬಹುದು. ಹೆಪಟೈಟಿಸ್ ಬಿ ಮಾತ್ರೆಯನ್ನಂತೂ ಒಂದು ದಿನವೂ ತಪ್ಪಿಸಬಾರದು. ಆರು ತಿಂಗಳಿಗೊಮ್ಮೆ ಸೋನೋಗ್ರಫಿ ಬೇರೆ. ಅದು ಲಿವರ್‌ನಲ್ಲಿ ಗಡ್ಡೆ ಇದೆಯಾ ನೋಡಲಿಕ್ಕೆ, ಫೈಬ್ರೋಸ್ಕ್ಯಾನ್ ಆ ಕೆಲಸ ಮಾಡಲ್ಲ.

ನೀವು ಕೇಳದೇ ಇದ್ದದ್ದು ಒಂದು. ಮನೆಯಲ್ಲಿ ಎಲ್ಲರೂ ಹೆಪಟೈಟಿಸ್ ಬಿ ರಕ್ತ ಪರೀಕ್ಷೆ ಮಾಡಿಸಿದ್ದೀರಾ? ಮುಖ್ಯವಾಗಿ ನಿಮ್ಮ ಯಜಮಾನರು. ತಾಯಿಯಿಂದ ಮಗುವಿಗೆ ಹುಟ್ಟುವಾಗಲೇ ಬರಬಹುದಾದ ಕಾಯಿಲೆ ಇದು. ಇಲ್ಲದವರು ಲಸಿಕೆ ಹಾಕಿಸಿಕೊಳ್ಳಿ.

ಪ್ರಶ್ನೆ: ನನ್ನ ತಮ್ಮ, 42 ವರ್ಷ, ಗಾರೆ ಕೆಲಸ. ಬಾಗಲಕೋಟೆಯಿಂದ ಇಲ್ಲಿಗೆ ಬಂದು ಹದಿನೈದು ವರ್ಷವಾಯಿತು. ಕುಡಿತ ಬಹಳ. ಎರಡು ಸಲ ಹೊಟ್ಟೆಯಿಂದ ನೀರು ತೆಗೆದಿದ್ದಾರೆ. ಎಂಡೋಸ್ಕೋಪಿಗೆ ಹೆದರುತ್ತಾನೆ ಅಂತ ಹೊರಗಡೆ ಒಂದು ಕಡೆ ಫೈಬ್ರೋಸ್ಕ್ಯಾನ್‌ಗೆ ಕರೆದುಕೊಂಡು ಹೋದೆವು, ದುಡ್ಡು ತಗೊಂಡು ರೀಡಿಂಗ್ ಬರುತ್ತಿಲ್ಲ ಅಂದರು. ಬೇರೆ ಕಡೆ ಮಾಡಿಸೋಣವೇ? (ವಾಸ್ಕೋ, ಗೋವಾ)

ಉತ್ತರ: ಬೇಡ. ಎಲ್ಲಿ ಮಾಡಿಸಿದರೂ ಬರಲ್ಲ. ಹೊಟ್ಟೆಯಲ್ಲಿ ನೀರು ಇದ್ದರೆ ಆ ತಟ್ಟುವ ತರಂಗ ನೀರು ದಾಟಿ ಲಿವರ್ ಮುಟ್ಟುವುದಿಲ್ಲ. ಮಷಿನ್ ಮುಂದೆ ಮಲಗಿಸುವ ಮೊದಲೇ ಅವರಿಗೆ ಇದು ಗೊತ್ತಿರಬೇಕಿತ್ತು.

ಮತ್ತು ಬಂದಿದ್ದರೂ ಪ್ರಯೋಜನ ಇರಲಿಲ್ಲ. ಮೇಲೆ ಹೇಳಿದ ನಿಯಮವೆಲ್ಲ ಇನ್ನೂ ನೀರು ತುಂಬದವರಿಗೆ, ಕಾಮಾಲೆ ಬಾರದವರಿಗೆ. ನೀರು ತುಂಬಿತು ಅಂದರೆ ಒತ್ತಡ ಏರಿದೆ ಅನ್ನುವುದು ಖಾತ್ರಿಯಾದ ಹಾಗೆ. ತಮ್ಮನಿಗೆ ಎಂಡೋಸ್ಕೋಪಿ ಆಗಲೇಬೇಕು, ಈ ತಿಂಗಳೇ ಆಗಬೇಕು. ದೊಡ್ಡ ವೇರಿಸಿಸ್ ಕಂಡರೆ ಮಾತ್ರೆ ಕೊಡುತ್ತಾರೆ, ಇಲ್ಲವೇ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತಾರೆ. ಕೆಲವು ವಾರಕ್ಕೊಮ್ಮೆ ಹೋಗಿ ಎಲ್ಲ ಮುಚ್ಚುವ ತನಕ ಕಟ್ಟಿಸಬೇಕಾಗುತ್ತದೆ. ಖಾಸಗಿಯಲ್ಲಿ ಖರ್ಚು ಜಾಸ್ತಿ ಅನಿಸಿದರೆ ಬಾಂಬೋಲಿಯ ಗೋವಾ ಮೆಡಿಕಲ್ ಕಾಲೇಜಿಗೆ ಹೋಗಿ, ಹಳೆಯ ರಿಪೋರ್ಟುಗಳನ್ನೆಲ್ಲ ಒಂದು ಚೀಲದಲ್ಲಿ ತಗೊಂಡು ಹೋಗಿ.

ಕುಡಿತದ ಬಗ್ಗೆ ನೀವು "ಈಗ ಬರೀ ಉರಾಕ್ ಕುಡೀತಾನೆ, ಗೇರು ಹಣ್ಣಿನದ್ದು, ಅದು ಅಷ್ಟು ಕೆಟ್ಟದ್ದಲ್ಲ ಅಂತಾರೆ" ಅಂತ ಬರೆದಿದ್ದೀರಿ. ಲಿವರ್‌ಗೆ ಹಣ್ಣು ಯಾವುದು ಅಂತ ಗೊತ್ತಾಗಲ್ಲ. ಆಲ್ಕೋಹಾಲ್ ಆಲ್ಕೋಹಾಲೇ. ಪೂರ್ತಿ ಬಿಡಬೇಕು. ಆದರೆ ದಿನಾ ಜೋರಾಗಿ ಕುಡಿಯುವವನು ಮನೆಯಲ್ಲಿ ಒಮ್ಮೆಲೇ ಬಿಟ್ಟರೆ ಕೈ ನಡುಗುವುದು, ಬಡಬಡಿಸುವುದು, ಫಿಟ್ಸ್ ಬರುವುದು ಇದೆ. ಡಾಕ್ಟರಿಗೆ ಹೇಳಿಯೇ ಬಿಡಿಸಿ.

ರಕ್ತ ವಾಂತಿ ಆದರೆ, ಅಥವಾ ಮಲ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ, ಬೆಳಗಾಗಲಿ ನೋಡೋಣ ಅನ್ನಬೇಡಿ. 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯಲ್ಲಿ ಮೊದಲು ಒತ್ತಡ ಇಳಿಸುವ ಇಂಜೆಕ್ಷನ್, ಆಂಟಿಬಯೋಟಿಕ್ ಕೊಟ್ಟು, ಹನ್ನೆರಡು ಗಂಟೆಯೊಳಗೆ ಎಂಡೋಸ್ಕೋಪಿ ಮಾಡಿ ರಕ್ತ ನಿಲ್ಲಿಸಲು ನೋಡುತ್ತಾರೆ.

ಪ್ರಶ್ನೆ: ಹೋದ ವರ್ಷ ಸ್ಕ್ಯಾನ್ 14, ಪ್ಲೇಟ್‌ಲೆಟ್ 1,80,000 ಇತ್ತು. ಜುಲೈನಲ್ಲಿ ಜ್ವರ ಬಂದಾಗ ಪ್ಲೇಟ್‌ಲೆಟ್ 62,000ಕ್ಕೆ ಬಿತ್ತು. ಡೆಂಗ್ಯೂ ಅಂದರು. ವೇರಿಸಿಸ್ ಬಂದಿರಬಹುದಾ? (ಕಾಂದಿವಲಿ)

ಉತ್ತರ: ಮುಂಬೈ ಮಳೆಗಾಲದ ಪ್ಲೇಟ್‌ಲೆಟ್ ನೋಡಿ ವೇರಿಸಿಸ್ ಲೆಕ್ಕ ಹಾಕಬಾರದು. ಡೆಂಗ್ಯೂ, ಮಲೇರಿಯಾ, ಲೆಪ್ಟೋ (ಇಲಿ ಜ್ವರ) ಎಲ್ಲದರಲ್ಲೂ ಬೀಳುತ್ತದೆ. ಜ್ವರದಲ್ಲಿ ಲಿವರ್ ಊದಿಕೊಂಡರೆ ಫೈಬ್ರೋಸ್ಕ್ಯಾನ್ ಕೂಡ ಏರುತ್ತದೆ. ಪೂರ್ತಿ ಸುಧಾರಿಸಿಕೊಂಡು ಒಂದೂವರೆ ತಿಂಗಳಾದ ಮೇಲೆ ಎರಡನ್ನೂ ಹೊಸದಾಗಿ ಮಾಡಿಸಿ. ಆಗಲೂ ಒಂದೂವರೆ ಲಕ್ಷಕ್ಕೆ ಏರದಿದ್ದರೆ ಮಾತಾಡೋಣ.

ಪ್ರಶ್ನೆ: ಮಗಳಿಗೆ 19. ಗುಲ್ಮ ದೊಡ್ಡದಾಗಿದೆ, ಪ್ಲೇಟ್‌ಲೆಟ್ 70,000. ಎರಡು ವರ್ಷದ ಹಿಂದೆ ಒಮ್ಮೆ ಮಲ ಕಪ್ಪಗೆ ಹೋಗಿತ್ತು, ತಾನಾಗೇ ಸರಿಯಾಯಿತು. ಫೈಬ್ರೋಸ್ಕ್ಯಾನ್ ಬರೀ 6.2, ಲಿವರ್ ಚೆನ್ನಾಗಿದೆ ಅಂದರು. ಹಾಗಾದರೆ ಎಂಡೋಸ್ಕೋಪಿ ಬೇಡ ಅಲ್ವಾ? (ಕೋಥ್ರುಡ್, ಪುಣೆ)

ಉತ್ತರ: ಈ ಪತ್ರ ಓದಿ ನನಗೆ ಸ್ವಲ್ಪ ಗಾಬರಿಯೇ ಆಯಿತು. ಎಂಡೋಸ್ಕೋಪಿ ಬೇಕು, ಬೇಗ ಬೇಕು.

ಲಿವರ್ ಮೆತ್ತಗಿದ್ದೂ ವೇರಿಸಿಸ್ ದೊಡ್ಡದಿರುವ ಕಾಯಿಲೆಗಳಿವೆ. ಲಿವರ್‌ಗೆ ಹೋಗುವ ಮೊದಲೇ ಪೋರ್ಟಲ್ ವೇನ್‌ನಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದ್ದರೆ ಹೀಗಾಗುತ್ತದೆ. ನಮ್ಮ ದೇಶದಲ್ಲಿ ಮಕ್ಕಳು, ಹರೆಯದವರು ರಕ್ತ ವಾಂತಿ ಮಾಡಿಕೊಂಡು ಬಂದರೆ ನಾವು ಮೊದಲು ನೆನೆಯುವುದೇ ಇದನ್ನು. ಫೈಬ್ರೋಸ್ಕ್ಯಾನ್ ಅಳೆಯುವುದು ಲಿವರ್ ಗಡಸುತನವನ್ನು ಮಾತ್ರ, ಅದರ ಹಿಂದಿನ ಪೈಪು ಕಟ್ಟಿರುವುದು ಅದಕ್ಕೆ ಕಾಣಲ್ಲ. 20 ಮತ್ತು ಒಂದೂವರೆ ಲಕ್ಷದ ಲೆಕ್ಕ ಇವಳಿಗೆ ಅನ್ವಯಿಸುವುದೇ ಇಲ್ಲ. ಡಾಪ್ಲರ್ ಸೋನೋಗ್ರಫಿ ಮಾಡಿಸಿ ಪೋರ್ಟಲ್ ವೇನ್ ನೋಡಿಸಿ, ಜೊತೆಗೆ ಎಂಡೋಸ್ಕೋಪಿ. ಕಪ್ಪು ಮಲ ಆದಾಗ ಕಬ್ಬಿಣದ ಮಾತ್ರೆ ತಗೊಳ್ಳುತ್ತಿದ್ದಳಾ ನೆನಪಿಸಿಕೊಳ್ಳಿ, ಅದರಿಂದಲೂ ಕಪ್ಪಾಗುತ್ತದೆ. ಇಲ್ಲ ಅಂದರೆ ಅದು ರಕ್ತವೇ ಇರಬಹುದು. ಒಂದು ಸಮಾಧಾನ ಏನಂದರೆ, ಲಿವರ್ ಗಟ್ಟಿಮುಟ್ಟಾಗಿರುವುದರಿಂದ ಇಂಥವರು ಚಿಕಿತ್ಸೆಗೆ ಚೆನ್ನಾಗಿ ಒಗ್ಗುತ್ತಾರೆ.

ಪ್ರಶ್ನೆ: ಶಾಲಾ ಟೀಚರ್, ಆಸ್ತಮಾ ಇದೆ. ಸ್ಕ್ಯಾನ್ 22, ಪ್ಲೇಟ್‌ಲೆಟ್ 1,30,000. ಗುಲ್ಮಕ್ಕೂ ಫೈಬ್ರೋಸ್ಕ್ಯಾನ್ ಇದೆಯಂತೆ, ನಿಜವಾ? (ಠಾಣೆ)

ಉತ್ತರ: ನಿಜ. ನಿಮ್ಮಂಥವರಿಗೇ ಅದು ಉಪಯೋಗ. ಆಸ್ತಮಾ ಇರುವುದರಿಂದ ಕಾರ್ವೆಡಿಲಾಲ್ ಮಾತ್ರೆ ಕೊಡುವ ಹಾಗಿಲ್ಲ, ಎರಡು ಸಂಖ್ಯೆಯ ಜರಡಿಯಲ್ಲೂ ನೀವು ಪಾಸಾಗಿಲ್ಲ. ಗುಲ್ಮದ ಗಡಸುತನ 40 ಅಥವಾ ಕಡಿಮೆ ಬಂದರೆ ದೊಡ್ಡ ವೇರಿಸಿಸ್ ಇರುವ ಸಾಧ್ಯತೆ ಕಡಿಮೆ, ಎಂಡೋಸ್ಕೋಪಿ ಮುಂದೂಡಬಹುದು. ಆದರೆ ಇದು ಎಲ್ಲ ಮಷಿನ್‌ನಲ್ಲಿ ಇರಲ್ಲ, ಮಾಡುವವರಿಗೆ ಕೈ ಪಳಗಿರಬೇಕು. ಅದಕ್ಕಾಗಿ ಠಾಣೆಯಿಂದ ದಕ್ಷಿಣ ಮುಂಬೈ ತನಕ ಮೂರು ಸಲ ಓಡಾಡುವುದಾದರೆ ಹತ್ತಿರದಲ್ಲೇ ಎಂಡೋಸ್ಕೋಪಿ ಮಾಡಿಸುವುದು ಸುಲಭ ಅಂತ ನನ್ನ ಲೆಕ್ಕ.

ಪ್ರಶ್ನೆ: ಅಪ್ಪನಿಗೆ ವೇರಿಸಿಸ್ ಇದೆ. ಜೋಳದ ರೊಟ್ಟಿ ಗಂಟಲಲ್ಲಿ ಗೀರಿ ರಕ್ತ ಬರುತ್ತದೆ ಅಂತ ಅಮ್ಮ ಮೂರು ತಿಂಗಳಿಂದ ಗಂಜಿ ಮಾತ್ರ ಕೊಡುತ್ತಿದ್ದಾರೆ. (ಚಿಂಚವಾಡ)

ಉತ್ತರ: ಪಾಪ ಅಪ್ಪ. ಒಡೆಯುವುದು ಒತ್ತಡದಿಂದ, ರೊಟ್ಟಿಯಿಂದಲ್ಲ. ಚೆನ್ನಾಗಿ ಅಗಿದು ತಿನ್ನಲಿ. ಬ್ಯಾಂಡ್ ಹಾಕಿದ ಮೇಲೆ ಕೆಲವು ದಿನ ಮಾತ್ರ ಮೆತ್ತಗಿನ ಊಟ ಸಾಕು. ಸಿರೋಸಿಸ್‌ನವರಿಗೆ ಮೈಯ ಮಾಂಸಖಂಡ ಕರಗುವುದೇ ದೊಡ್ಡ ತೊಂದರೆ, ಬೇಳೆ, ಮೊಟ್ಟೆ, ಮೊಸರು, ಶೇಂಗಾ ಬೇಕು, ಮಲಗುವ ಮುಂಚೆ ಏನಾದರೂ ಸ್ವಲ್ಪ ತಿನ್ನಬೇಕು. ರೊಟ್ಟಿಗಿಂತ ಹೆದರಬೇಕಾದ್ದು ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗೆ. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ, ದಿನಕ್ಕೆ ಒಟ್ಟು 2 ಗ್ರಾಂ ಒಳಗೆ.

ಪ್ರಶ್ನೆ: ನನಗೆ 70. ಎಂಡೋಸ್ಕೋಪಿ ಆಗಲೇಬೇಕು ಅಂದಿದ್ದಾರೆ. ಉಸಿರುಗಟ್ಟುತ್ತದಾ? (ಮಾಟುಂಗಾ)

ಉತ್ತರ: ಉಸಿರಿನ ದಾರಿ ಬೇರೆ, ಟ್ಯೂಬ್ ಹೋಗುವ ದಾರಿ ಬೇರೆ. ಮೂಗಿನಿಂದ ಉಸಿರಾಡುತ್ತಲೇ ಇರಬಹುದು. ಹಿಂದಿನ ರಾತ್ರಿಯಿಂದ ಏನೂ ತಿನ್ನಬಾರದು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆದು ಎಡ ಮಗ್ಗುಲಿಗೆ ಮಲಗಿಸುತ್ತಾರೆ. ಒಂದೆರಡು ಸಲ ಓಕರಿಕೆ ಬಂದ ಹಾಗಾಗುತ್ತದೆ. ಬರೀ ನೋಡುವುದಾದರೆ ಐದರಿಂದ ಹತ್ತು ನಿಮಿಷ. ತೀರ ಭಯವಿದ್ದರೆ ನಿದ್ದೆಯ ಇಂಜೆಕ್ಷನ್ ಕೇಳಿ, ಕೊಡಬಹುದಾ ಅಂತ ಅವರು ನೋಡಿ ಹೇಳುತ್ತಾರೆ. ಕೊಟ್ಟರೆ ಮಗನನ್ನೋ ಪಕ್ಕದ ಮನೆಯವರನ್ನೋ ಜೊತೆಗೆ ಕರೆದುಕೊಂಡು ಹೋಗಿ, ವಾಪಸ್ ಟ್ಯಾಕ್ಸಿಯಲ್ಲಿ ಬನ್ನಿ. ಅವತ್ತೊಂದು ದಿನ ಲೋಕಲ್ ರೈಲು ಹತ್ತಬೇಡಿ.